ಹೆಸ್ಸೆಯ ಆಲಿಸ್ ಸತ್ತಿದ್ದು ಮಗನಿಗೆ ಕೊಟ್ಟ ಮುತ್ತಿನಿಂದಲೇ? ಡಾರ್ಮ್‌ಷ್ಟಾಟ್, 1878

ಕಡೂರು_ಓದುಗ

ವಿಕ್ಟೋರಿಯಾ ರಾಣಿಯ ಎರಡನೇ ಮಗಳು ಆಲಿಸ್ ಜರ್ಮನಿಯ ಹೆಸ್ಸೆ ಸಂಸ್ಥಾನಕ್ಕೆ (ರಾಜಧಾನಿ ಡಾರ್ಮ್‌ಷ್ಟಾಟ್) ಸೊಸೆಯಾಗಿ ಹೋದವಳು, ರಷ್ಯಾದ ಕೊನೆಯ ಜಾರಿಣಿಯ ತಾಯಿ. ಅವಳ ಬಗ್ಗೆ ಎಲ್ಲಿ ಓದಿದರೂ ಎರಡೇ ಮಾತು. ಗಂಟಲಮಾರಿ (ಡಿಫ್ತೀರಿಯಾ) ಬಂದಿದ್ದ ಮಗನಿಗೆ ಮುತ್ತು ಕೊಟ್ಟು ಸತ್ತಳು ಅನ್ನುವುದು ಒಂದು, ಯುರೋಪಿನ ಅರಮನೆಗಳಿಗೆ ಕುಸುಮ ರೋಗ (ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ) ಹಂಚಿದಳು ಅನ್ನುವುದು ಇನ್ನೊಂದು. ಮುತ್ತಿನ ಕಥೆ ವೈದ್ಯಕೀಯವಾಗಿ ನಿಲ್ಲುತ್ತದೆಯೇ? ರಾಜಮನೆತನಗಳಲ್ಲಿ ಸಂಬಂಧದೊಳಗೇ ಮದುವೆಯಾಗಿದ್ದರಿಂದ ಕುಸುಮ ರೋಗ ಬಂತು ಅನ್ನುತ್ತಾರಲ್ಲ, ಅದು ಸರಿಯೇ? ಇವೆರಡನ್ನು ಬಿಟ್ಟರೆ ಆಕೆಯ ಬದುಕಿನಲ್ಲಿ ಏನಿತ್ತು? ಬಲ್ಲವರು ವಿವರವಾಗಿ ಬರೆಯಿರಿ.

ಹಳೆಕಾಗದ

ಮೊದಲು ದಿನಾಂಕಗಳನ್ನು ಸಾಲಾಗಿ ಇಟ್ಟುಕೊಳ್ಳೋಣ, ಆಮೇಲೆ ವಾದ.

ಹುಟ್ಟಿದ್ದು 25 ಏಪ್ರಿಲ್ 1843, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ. ತಂದೆ ಆಲ್ಬರ್ಟ್ 14 ಡಿಸೆಂಬರ್ 1861ರಂದು ವಿಂಡ್ಸರ್‌ನಲ್ಲಿ ತೀರಿಕೊಂಡರು. ವೈದ್ಯರು ಹೇಳಿದ್ದು ಟೈಫಾಯ್ಡ್. ಕೊನೆಯ ದಿನಗಳಲ್ಲಿ ಅವರ ಆರೈಕೆ ಮಾಡಿದ್ದು ಹದಿನೆಂಟರ ಆಲಿಸ್. ಮದುವೆ 1 ಜುಲೈ 1862ಕ್ಕೆ, ವೈಟ್ ದ್ವೀಪದ ಆಸ್ಬರ್ನ್ ಹೌಸಿನ ಊಟದ ಕೋಣೆಯಲ್ಲಿ. ತಂದೆ ಹೋಗಿ ಏಳು ತಿಂಗಳೂ ತುಂಬಿರಲಿಲ್ಲ. ವರ ಹೆಸ್ಸೆಯ ಲುಡ್ವಿಗ್, ಇಂಗ್ಲಿಷರ ಬಾಯಲ್ಲಿ ಲೂಯಿಸ್. ಏಳು ಮಕ್ಕಳು: ವಿಕ್ಟೋರಿಯಾ (1863), ಎಲಿಜಬೆತ್ ಅಥವಾ ಎಲ್ಲಾ (1864), ಐರೀನ್ (1866), ಅರ್ನ್ಸ್ಟ್ ಲುಡ್ವಿಗ್ (1868), ಫ್ರೀಡ್ರಿಕ್ ಅಥವಾ ಫ್ರಿಟ್ಟಿ (1870), ಅಲಿಕ್ಸ್ (1872, ಮುಂದೆ ರಷ್ಯಾದ ಜಾರಿಣಿ), ಮರಿ ಅಥವಾ ಮೇ (1874). 1877ರ ಮಾರ್ಚಿನಲ್ಲಿ ಮಾವ ಕಾರ್ಲ್, ಜೂನಿನಲ್ಲಿ ದೊಡ್ಡಮಾವ ಮೂರನೇ ಲುಡ್ವಿಗ್ ತೀರಿಕೊಂಡ ಮೇಲೆ ಗಂಡನಿಗೆ ಗ್ರ್ಯಾಂಡ್ ಡ್ಯೂಕ್ ಪಟ್ಟವಾಯಿತು. ಅಲ್ಲಿಂದ ಆಕೆ ಬದುಕಿದ್ದು ಒಂದೂವರೆ ವರ್ಷ.

ಈಗ 1878. ನವೆಂಬರ್ 5ರ ಸಂಜೆ ಹಿರಿಯ ಮಗಳು ವಿಕ್ಟೋರಿಯಾಗೆ ಕುತ್ತಿಗೆ ಬಿಗಿತ. ಮರುದಿನ ಬೆಳಗ್ಗೆ ವೈದ್ಯರು ಗಂಟಲಮಾರಿ ಎಂದರು. ಹತ್ತು ದಿನದೊಳಗೆ ಅಲಿಕ್ಸ್, ಮೇ, ಐರೀನ್, ಅರ್ನ್ಸ್ಟ್, ಜೊತೆಗೆ ಗಂಡನಿಗೂ ಅಂಟಿತು. ಎಲಿಜಬೆತ್‌ಳನ್ನು ಅಜ್ಜಿಯ ಮನೆಗೆ ಕಳಿಸಿದ್ದರಿಂದ ಅವಳು ಮಾತ್ರ ಪಾರಾದಳು. ನವೆಂಬರ್ 16ರಂದು ನಾಲ್ಕು ವರ್ಷದ ಮೇ ಉಸಿರುಕಟ್ಟಿ ಸತ್ತಳು. ಉಳಿದ ಮಕ್ಕಳಿಗೆ ಇದನ್ನು ತಿಳಿಸದೆ ಆಲಿಸ್ ವಾರಗಟ್ಟಲೆ ಮುಚ್ಚಿಟ್ಟಳು. ಡಿಸೆಂಬರ್ ಮೊದಲ ವಾರದಲ್ಲಿ ಅರ್ನ್ಸ್ಟ್‌ಗೆ ಹೇಳಿದಾಗ ಹುಡುಗ ನಂಬಲೊಲ್ಲದೆ ಅತ್ತ, ಆಕೆ ಮುತ್ತಿಟ್ಟು ಸಮಾಧಾನ ಮಾಡಿದಳು. ಕೆಲವೇ ದಿನಕ್ಕೆ ಅವಳೇ ಹಾಸಿಗೆ ಹಿಡಿದಳು. ಡಿಸೆಂಬರ್ 14ರ ಬೆಳಗ್ಗೆ ಎಂಟೂವರೆ ದಾಟುತ್ತಲೇ ಪ್ರಾಣ ಹೋಯಿತು. ವಯಸ್ಸು 35. ತಂದೆ ಸತ್ತು ಅಂದಿಗೆ ಸರಿಯಾಗಿ 17 ವರ್ಷ.

ಸೂಕ್ಷ್ಮದರ್ಶಿ

ಹಳೆಕಾಗದ ಅವರು ಕೊಟ್ಟ ದಿನಾಂಕಗಳನ್ನೇ ಹಿಡಿದು ನೋಡೋಣ. ಗಂಟಲಮಾರಿ ರೋಗಾಣು ದೇಹ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 5 ದಿನ, ಹೆಚ್ಚೆಂದರೆ 10 ದಿನ ಬೇಕು. ಅರ್ನ್ಸ್ಟ್ ಕಾಯಿಲೆ ಬಿದ್ದಿದ್ದು ನವೆಂಬರ್ ಮಧ್ಯದಲ್ಲಿ. ಪ್ರತಿಜೈವಿಕ ಔಷಧ ಇಲ್ಲದ ಕಾಲದಲ್ಲಿ ಜ್ವರ ಇಳಿದ ಮೇಲೂ ರೋಗಿಯ ಗಂಟಲಲ್ಲಿ ಎರಡರಿಂದ ನಾಲ್ಕು ವಾರ ರೋಗಾಣು ಉಳಿಯುತ್ತಿತ್ತು. ಅಂದಮೇಲೆ ಡಿಸೆಂಬರ್ ಮೊದಲ ವಾರದಲ್ಲಿ ಅವನಿಂದ ಅಂಟಬಹುದಿತ್ತು. ಮುತ್ತಿನ ಕಥೆ ಅಸಾಧ್ಯವಲ್ಲ.

ಆದರೆ ಮುತ್ತೇ ಕಾರಣ ಅನ್ನುವುದಕ್ಕೆ ಆಧಾರ ಸಾಲದು. ಇದು ಮುಖ್ಯವಾಗಿ ಕೆಮ್ಮು, ಸೀನು, ಮಾತಿನ ತುಂತುರಿನಿಂದ ಹರಡುವ ಕಾಯಿಲೆ. ಆಲಿಸ್ ಅಷ್ಟು ಹೊತ್ತಿಗೆ ಒಂದು ತಿಂಗಳಿಂದ ಆರು ರೋಗಿಗಳ ಕೋಣೆಗಳಲ್ಲಿ ಓಡಾಡಿಕೊಂಡಿದ್ದಳು. ಅಪ್ಪಿಕೊಳ್ಳಬೇಡಿ, ಮುತ್ತು ಕೊಡಬೇಡಿ ಎಂದು ವೈದ್ಯರು ಹಾಕಿದ್ದ ಕಟ್ಟುಪಾಡು ಒಳ್ಳೆಯದೇ. ಆದರೆ ಬಾಯಿ ತೆರೆಸಿ ಗಂಟಲು ನೋಡುವಾಗ ಮಗು ಮುಖಕ್ಕೇ ಕೆಮ್ಮಿದರೆ ಅದರಿಂದ ರಕ್ಷಣೆ ಎಲ್ಲಿ? ಮುಖಗವಸು ಆಗ ಬಳಕೆಯಲ್ಲೇ ಇರಲಿಲ್ಲ. ಹೊರಗೆ ಆರೋಗ್ಯವಾಗಿ ಕಾಣುವವರೂ ರೋಗಾಣು ಹೊತ್ತಿರಬಹುದು ಎಂಬುದು ತಿಳಿದಿದ್ದೇ 1884ರಲ್ಲಿ, ಲೋಫ್ಲರ್ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮೇಲೆ. ಅದಕ್ಕೆ ಒಂದು ವರ್ಷ ಮುಂಚೆ ಕ್ಲೆಬ್ಸ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದ. ಡಾರ್ಮ್‌ಷ್ಟಾಟ್ ವೈದ್ಯರಿಗೆ 1878ರಲ್ಲಿ ಇದಾವುದೂ ಲಭ್ಯವಿರಲಿಲ್ಲ.

ಮೇ ಸತ್ತಿದ್ದು ಹೇಗೆ ಅನ್ನುವುದೂ ತಿಳಿದಿರಲಿ. ರೋಗಾಣು ಬಿಡುವ ವಿಷ ಗಂಟಲಿನ ಒಳಪದರವನ್ನು ಸಾಯಿಸುತ್ತದೆ. ಸತ್ತ ಜೀವಕೋಶ, ರಕ್ತದ ನಾರು, ರೋಗಾಣು ಎಲ್ಲ ಸೇರಿ ಬೂದು ಬಣ್ಣದ ದಪ್ಪ ಪೊರೆ ಕಟ್ಟುತ್ತದೆ. ಟಾನ್ಸಿಲ್ ಮೇಲಷ್ಟೇ ಇದ್ದರೆ ಉಸಿರಿಗೆ ತೊಂದರೆಯಿಲ್ಲ. ಧ್ವನಿಪೆಟ್ಟಿಗೆಗೆ ಇಳಿದರೆ, ಅದರಲ್ಲೂ ಪುಟ್ಟ ಮಕ್ಕಳ ಕಿರಿದಾದ ಉಸಿರುನಾಳದಲ್ಲಿ, ಪೊರೆಯ ಒಂದು ತುಂಡು ಕಳಚಿ ಅಡ್ಡ ಬಂದರೂ ಸಾಕು, ನಿಮಿಷಗಳಲ್ಲಿ ಮುಗಿಯುತ್ತದೆ.

ಆಗಿನ ಚಿಕಿತ್ಸೆ ಎಂದರೆ ಹಬೆ ಕೊಡುವುದು, ಪೊಟ್ಯಾಸಿಯಂ ಕ್ಲೋರೇಟ್ ನೀರಿನಿಂದ ಬಾಯಿ ಮುಕ್ಕಳಿಸುವುದು, ಮಂಜುಗಡ್ಡೆ ಚೀಪಿಸುವುದು. ಕೆಲವು ವೈದ್ಯರು ಸಿಲ್ವರ್ ನೈಟ್ರೇಟ್ ಹಚ್ಚಿ ಪೊರೆ ಸುಡುತ್ತಿದ್ದರು. ಅದರಿಂದ ಕೆಡುಕೇ ಹೆಚ್ಚು, ಯಾಕೆಂದರೆ ಕಿತ್ತ ಜಾಗದಲ್ಲಿ ರಕ್ತ ಬಂದು ಪೊರೆ ಮತ್ತೆ ಕಟ್ಟುತ್ತಿತ್ತು. ಕೊನೆಯ ದಾರಿ ಕುತ್ತಿಗೆ ಸೀಳಿ ಉಸಿರುನಾಳಕ್ಕೆ ಕೊಳವೆ ಇಡುವುದು. ಬ್ರೆಟೊನೊ 1825ರಲ್ಲೇ ಅದನ್ನು ಮಾಡಿ ತೋರಿಸಿದ್ದ. ಆದರೆ ಪೊರೆ ಕೊಳವೆಗಿಂತ ಕೆಳಕ್ಕೆ, ಶ್ವಾಸಕೋಶದ ಕವಲಿಗೆ ಇಳಿದಿದ್ದರೆ ಅದೂ ವ್ಯರ್ಥ.

ಇನ್ನೊಂದು ಅಪಾಯ ಹೃದಯದ್ದು. ಇದೇ ವಿಷ ರಕ್ತಕ್ಕೆ ಸೇರಿ ಹೃದಯದ ಸ್ನಾಯುವನ್ನು ಹಾಳು ಮಾಡುತ್ತದೆ. ಗಂಟಲು ವಾಸಿಯಾಗುತ್ತಿದೆ ಅನ್ನುವಾಗಲೇ, ಒಂದೆರಡು ವಾರದ ಮೇಲೆ, ಎದ್ದು ಕೂತ ರೋಗಿ ಹಾಗೇ ಕುಸಿದು ಸಾಯುವುದಿತ್ತು. ಗಂಟಲು ಸರಿಹೋದ ಮೇಲೂ ರೋಗಿಯನ್ನು ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲವಲ್ಲ, ಕಾರಣ ಇದೇ. ಬೇರಿಂಗ್ ಮತ್ತು ಕಿಟಸಾಟೊ ಪ್ರತಿವಿಷ ಕಂಡುಹಿಡಿದಿದ್ದು 1890ರಲ್ಲಿ, ಕುದುರೆಯ ಸೀರಂನಿಂದ ತಯಾರಿಸಿ ವ್ಯಾಪಕವಾಗಿ ಕೊಡತೊಡಗಿದ್ದು 1894ರಿಂದ. ಹದಿನಾರು ವರ್ಷ ತಡ. ಅದನ್ನೂ ಮೊದಲ ಒಂದೆರಡು ದಿನದಲ್ಲೇ ಕೊಡಬೇಕು. ಜೀವಕೋಶದೊಳಗೆ ಹೊಕ್ಕ ವಿಷವನ್ನು ಪ್ರತಿವಿಷ ಮುಟ್ಟಲಾರದು.

ಕಡೂರು_ಓದುಗ

ಹಾಗಾದರೆ ಆ ಮುತ್ತಿನ ಮಾತು ಇಷ್ಟು ಗಟ್ಟಿಯಾಗಿ ಉಳಿದಿದ್ದು ಯಾಕೆ ಸರ್?

ಹಳೆಕಾಗದ

ಪಾರ್ಲಿಮೆಂಟಿನಿಂದ. ಆಕೆ ತೀರಿಕೊಂಡ ಕೆಲವೇ ದಿನಕ್ಕೆ ಪ್ರಧಾನಿ ಡಿಸ್ರೇಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಂತಾಪ ಸೂಚಿಸುತ್ತ ಈ ಪ್ರಸಂಗವನ್ನೇ ಎತ್ತಿ ಹೇಳಿದರು. ಆತ ಕಾದಂಬರಿಕಾರರೂ ಹೌದು, ಯಾವ ಮಾತು ಮನಸ್ಸಿಗೆ ನಾಟುತ್ತದೆ ಎಂದು ಬಲ್ಲವರು. ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ರಾಣಿ ತನ್ನ ವೈದ್ಯ ಸರ್ ವಿಲಿಯಂ ಜೆನ್ನರ್‌ನನ್ನು ಡಾರ್ಮ್‌ಷ್ಟಾಟ್‌ಗೆ ಕಳಿಸಿದ್ದೂ ಉಪಯೋಗಕ್ಕೆ ಬರಲಿಲ್ಲ.

ಡಿಸೆಂಬರ್ 14ರ ಬಗ್ಗೆ ಇನ್ನೊಂದು ವಿಷಯ. 1871ರಲ್ಲಿ ಅಣ್ಣ ಎಡ್ವರ್ಡ್ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಟೈಫಾಯ್ಡ್‌ನಿಂದ ಮಲಗಿದ್ದಾಗ ಹತ್ತಿರ ಇದ್ದು ಆರೈಕೆ ಮಾಡಿದವರಲ್ಲಿ ಆಲಿಸ್ ಒಬ್ಬಳು. ಅವನ ಕಾಯಿಲೆ ತಿರುವು ಪಡೆದಿದ್ದೂ ಅದೇ ತಾರೀಖಿನ ಆಸುಪಾಸಿನಲ್ಲಿ. ಇಡೀ ಕುಟುಂಬಕ್ಕೆ ಆ ದಿನವೆಂದರೆ ಭಯ.

ಶುಶ್ರೂಷೆ_ಹುಬ್ಬಳ್ಳಿ

ಮೂರನೇ ಪ್ರಶ್ನೆಗೆ ನಾನು ಬರುತ್ತೇನೆ. ನನ್ನ ಪ್ರಕಾರ ಮೊದಲು ಕೇಳಬೇಕಾಗಿದ್ದೇ ಅದು. ಆಲಿಸ್‌ಳನ್ನು ಸಾವಿನ ಕಥೆಯಲ್ಲಿ ಕಟ್ಟಿಹಾಕುವುದು ದೊಡ್ಡ ಅನ್ಯಾಯ. ಹೆಸ್ಸೆಯಲ್ಲಿ ದಾದಿಯರ ತರಬೇತಿಯನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದ ಹೆಣ್ಣು ಆಕೆ.

ಹಿನ್ನೆಲೆ ಇಷ್ಟು. ಆಗ ಜರ್ಮನಿಯಲ್ಲಿ ರೋಗಿಗಳ ಆರೈಕೆ ಬಹುಪಾಲು ಧಾರ್ಮಿಕ ಸಂಘಗಳ ಕೈಯಲ್ಲಿತ್ತು. ಒಂದು ಕಡೆ ಕ್ಯಾಥೊಲಿಕ್ ಸನ್ಯಾಸಿನಿಯರು, ಇನ್ನೊಂದು ಕಡೆ 1836ರಲ್ಲಿ ಕೈಸರ್ಸ್‌ವೆರ್ತ್‌ನಲ್ಲಿ ಶುರುವಾದ ಸಂಘದ ಪ್ರೊಟೆಸ್ಟೆಂಟ್ ಸೇವಕಿಯರಾದ ಡೀಕನೆಸ್‌ಗಳು. ಫ್ಲಾರೆನ್ಸ್ ನೈಟಿಂಗೇಲ್ ಕೂಡ 1851ರಲ್ಲಿ ಅಲ್ಲೇ ಕಲಿತದ್ದು. ಮದುವೆಯಾಗದ ಅಥವಾ ವಿಧವೆಯಾದ ಸಾಮಾನ್ಯ ಹೆಣ್ಣುಮಗಳು ಯಾವ ಮಠಕ್ಕೂ ಸೇರದೆ, ತರಬೇತಿ ಪಡೆದು, ಸಂಬಳಕ್ಕೆ ದಾದಿಯಾಗುವ ದಾರಿ ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

1866ರ ಯುದ್ಧ ಕಣ್ಣು ತೆರೆಸಿತು. ಹೆಸ್ಸೆ ಆಸ್ಟ್ರಿಯಾದ ಕಡೆ, ಅಕ್ಕ ವಿಕ್ಕಿಯ ಗಂಡ ಎದುರು ಪಕ್ಷವಾದ ಪ್ರಷ್ಯಾದ ಯುವರಾಜ. ಆಲಿಸ್ ಆಗ ತುಂಬು ಗರ್ಭಿಣಿ, ಜುಲೈ 11ಕ್ಕೆ ಐರೀನ್ ಹುಟ್ಟಿದಳು. ಹಿರಿಯ ಇಬ್ಬರು ಹೆಣ್ಣುಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿ ತಾನು ಡಾರ್ಮ್‌ಷ್ಟಾಟ್‌ನಲ್ಲೇ ಉಳಿದಳು. ಆ ದಿನಗಳಲ್ಲಿ ತಾಯಿಗೆ ಬರೆದ ಪತ್ರದಲ್ಲಿ ಆಕೆ ಕೇಳಿದ್ದು ಒಡವೆಯಲ್ಲ, ಹಣವಲ್ಲ, ಹಳೆಯ ನಾರುಬಟ್ಟೆ. ನಿಮ್ಮ ಅರಮನೆಗಳಿಂದ ವರ್ಷಕ್ಕೆ ಎರಡು ಸಲ ಆಸ್ಪತ್ರೆಗಳಿಗೆ ಹೋಗುವ ಹರಕು ಲಿನನ್‌ನಲ್ಲಿ ಈ ಸಲ ಸ್ವಲ್ಪ ನನಗೆ ಕೊಡಿ ಎಂದು.

ಹಳೆಯದೇ ಯಾಕೆ? ಹೊಸ ಲಿನನ್ ಬಿರುಸು, ನೀರು ಬೇಗ ಹೀರುವುದಿಲ್ಲ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಕೀವು, ರಕ್ತವನ್ನು ಬೇಗ ಹೀರುತ್ತದೆ, ಗಾಯಕ್ಕೆ ಉಜ್ಜುವುದಿಲ್ಲ. ಅಂಥ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ ಉಂಡೆ ಮಾಡಿ ಗಾಯಕ್ಕೆ ತುರುಕುತ್ತಿದ್ದರು. ಅದನ್ನು ಶಾರ್ಪಿ ಅನ್ನುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಊರಿನ ಹೆಂಗಸರು ಕೈ ತೊಳೆಯದೆ ಬಿಡಿಸಿದ ಎಳೆ, ಚೀಲದಲ್ಲಿ ತಿಂಗಳುಗಟ್ಟಲೆ ಕೂತ ಎಳೆ, ಗಾಯದೊಳಗೆ ಹೋದರೆ ಕೀವು ಹೆಚ್ಚಾಗುತ್ತಿತ್ತು. ಎಳೆಗಳು ಮಾಂಸಕ್ಕೆ ಅಂಟಿಕೊಂಡು, ಕಿತ್ತಾಗ ಗಾಯ ಮತ್ತೆ ಹರಿಯುತ್ತಿತ್ತು. ಶಸ್ತ್ರವೈದ್ಯ ಲಿಸ್ಟರ್ ಗಾಯ ಕೀವಾಗದಂತೆ ತಡೆಯುವ ಕಾರ್ಬಾಲಿಕ್ ಆಮ್ಲದ ಬಗ್ಗೆ ಬರೆದಿದ್ದು 1867ರಲ್ಲಿ, ಅದು ಆಸ್ಪತ್ರೆಗಳಿಗೆ ಇಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು. ನೈಟಿಂಗೇಲ್‌ಳ ಜೊತೆ ಆಲಿಸ್‌ಗೆ ಪತ್ರವ್ಯವಹಾರ ಇತ್ತು. ಅಲ್ಲಿಂದ ಬಂದ ಸಲಹೆಯ ತಿರುಳು ಶುಚಿತ್ವ ಮತ್ತು ಗಾಳಿ. ರೋಗಾಣು ಗೊತ್ತಿಲ್ಲದ ಕಾಲಕ್ಕೂ ಅವೆರಡು ಪ್ರಾಣ ಉಳಿಸುತ್ತಿದ್ದವು.

ಯುದ್ಧ ಮುಗಿದು 1867ರಲ್ಲಿ ಆಲಿಸ್ ಮಹಿಳಾ ಸಂಘ ಹುಟ್ಟಿತು. ಒಂಟಿ ಪ್ರಯತ್ನವಲ್ಲ ಇದು. ಬಾಡೆನ್‌ನಲ್ಲಿ 1859ರಲ್ಲಿ, ಪ್ರಷ್ಯಾದಲ್ಲಿ 1866ರಲ್ಲಿ ಇಂಥ ಸಂಘಗಳು ಆಗಿದ್ದವು. ಯುದ್ಧದ ಗಾಯಾಳುಗಳ ರಕ್ಷಣೆಗಾದ 1864ರ ಜಿನೀವಾ ಒಪ್ಪಂದಕ್ಕೆ ಮೊದಲೇ ಸಹಿ ಹಾಕಿದ 12 ರಾಜ್ಯಗಳಲ್ಲಿ ಹೆಸ್ಸೆಯೂ ಒಂದು. ಆಲಿಸ್‌ಳ ಸಂಘದ ವೈಶಿಷ್ಟ್ಯವೆಂದರೆ ದಾದಿಯರನ್ನು ಯುದ್ಧ ಬಂದಾಗ ಹುಡುಕುವುದಲ್ಲ, ಶಾಂತಿಕಾಲದಲ್ಲೇ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟು ಇಟ್ಟುಕೊಳ್ಳುವುದು. ಉತ್ಸಾಹದಿಂದ ಬರುವ ಶ್ರೀಮಂತ ಹೆಂಗಸರು ರಕ್ತ ಕಂಡು ತಲೆತಿರುಗಿ ಬೀಳುವುದು, ವೈದ್ಯರ ಮಾತು ಕೇಳದೆ ರೋಗಿಗೆ ತಿನ್ನಲು ಕೊಡುವುದು, ರಾತ್ರಿ ಪಾಳಿಗೆ ಯಾರೂ ಇಲ್ಲದಿರುವುದು ಇವೆಲ್ಲ ಆ ಕಾಲದ ಯುದ್ಧಾಸ್ಪತ್ರೆಗಳ ನಿತ್ಯದ ಗೋಳು. 1870ರ ಫ್ರಾನ್ಸ್ ಯುದ್ಧದಲ್ಲಿ ಸಂಘಕ್ಕೆ ಪರೀಕ್ಷೆ ಬಂತು. ಗಂಡ ಹೆಸ್ಸೆಯ ತುಕಡಿಯ ಜೊತೆ ಗ್ರಾವ್‌ಲೋಟ್ ರಣರಂಗದಲ್ಲಿ, ಈಕೆ ಅಕ್ಟೋಬರ್‌ನಲ್ಲಿ ಹುಟ್ಟಲಿದ್ದ ಫ್ರಿಟ್ಟಿಯನ್ನು ಹೊತ್ತುಕೊಂಡು ಗಾಯಾಳುಗಳ ಆಸ್ಪತ್ರೆಗಳಲ್ಲಿ. ಆಕೆಯ ಹೆಸರಿನ ಆಲಿಸ್ ಆಸ್ಪತ್ರೆ ಡಾರ್ಮ್‌ಷ್ಟಾಟ್‌ನಲ್ಲಿ ಇಂದಿಗೂ ನಡೆಯುತ್ತಿದೆ.

ಲೂಯಿಸೆ ಬುಷ್ನರ್ ಹೆಸರನ್ನೂ ಹೇಳಲೇಬೇಕು. ನಾಟಕಕಾರ ಗಿಯೋರ್ಗ್ ಬುಷ್ನರ್‌ನ ತಂಗಿ, ಹೆಣ್ಣುಮಕ್ಕಳ ಶಿಕ್ಷಣ, ದುಡಿಮೆಯ ಬಗ್ಗೆ ಬರೆದವಳು. ಇಬ್ಬರೂ ಸೇರಿ ಆಲಿಸ್ ಬಜಾರ್ ಎಂಬ ಮಾರಾಟದ ವ್ಯವಸ್ಥೆ ಮಾಡಿದರು. ಮನೆಯಲ್ಲಿ ಹೊಲಿಗೆ, ಕಸೂತಿ ಮಾಡುವ ಹೆಂಗಸರು ತಮ್ಮ ಕೆಲಸವನ್ನು ಅಲ್ಲಿ ಮಾರಬಹುದಿತ್ತು. 1872ರಲ್ಲಿ ಡಾರ್ಮ್‌ಷ್ಟಾಟ್‌ನಲ್ಲಿ ಮಹಿಳೆಯರ ದುಡಿಮೆ ಕುರಿತ ಸಮ್ಮೇಳನ ನಡೆದಾಗ ಇಂಗ್ಲೆಂಡಿನಿಂದ ಬಂದವರಲ್ಲಿ ಮೇರಿ ಕಾರ್ಪೆಂಟರ್ ಇದ್ದರು. 1866ರಿಂದ ನಾಲ್ಕು ಸಲ ಭಾರತಕ್ಕೆ ಬಂದು ಹೆಣ್ಣುಮಕ್ಕಳ ಶಾಲೆಗಳಿಗಾಗಿ ದುಡಿದ ಅದೇ ಕಾರ್ಪೆಂಟರ್.

ಜೀನ್_ಬೆಂಗಳೂರು

ಕುಸುಮ ರೋಗದ ಪ್ರಶ್ನೆ ಉಳಿದಿದೆ. ನೇರವಾಗಿ ಹೇಳುತ್ತೇನೆ: ಸಂಬಂಧದ ಮದುವೆಯಿಂದ ಬಂದಿದ್ದಲ್ಲ.

ಇದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ತಾಯಿಯ ಎರಡು ಎಕ್ಸ್‌ಗಳಲ್ಲಿ ಒಂದು ಕೆಟ್ಟಿದ್ದರೆ ಪ್ರತಿ ಗಂಡುಮಗುವಿಗೆ ರೋಗ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅರ್ಧ. ಗಂಡುಮಗನಿಗೆ ತಂದೆ ಕೊಡುವುದು ವೈ. ಹಾಗಾಗಿ ತಂದೆ ಸೋದರ ಸಂಬಂಧಿಯೋ ಪರಕೀಯನೋ ಎಂಬುದು ಮಗನ ಕುಸುಮ ರೋಗದ ಲೆಕ್ಕಕ್ಕೇ ಬರುವುದಿಲ್ಲ. ಐರೀನ್ ಮದುವೆಯಾಗಿದ್ದು ದೊಡ್ಡಮ್ಮನ ಮಗ ಪ್ರಷ್ಯಾದ ಹೈನ್ರಿಕ್‌ನನ್ನು. ಮೂವರು ಗಂಡುಮಕ್ಕಳಲ್ಲಿ ವಾಲ್ಡೆಮಾರ್, ಹೈನ್ರಿಕ್ ಇಬ್ಬರಿಗೆ ರೋಗ, ಸಿಗಿಸ್ಮುಂಡ್‌ಗೆ ಇಲ್ಲ. ಆಕೆ ಊರಾಚೆಯವನನ್ನು ಮದುವೆಯಾಗಿದ್ದರೂ ಆ ಸಾಧ್ಯತೆ ಅಷ್ಟೇ ಇರುತ್ತಿತ್ತು. ಹೆಣ್ಣುಮಗುವಿಗೆ ತೀವ್ರವಾದ ರೋಗ ಬರಬೇಕಾದರೆ ಸಾಮಾನ್ಯವಾಗಿ ತಂದೆ ರೋಗಿ, ತಾಯಿ ವಾಹಕಿ ಇಬ್ಬರೂ ಆಗಿರಬೇಕು. ಅಲ್ಲಿ ಮಾತ್ರ ಸಂಬಂಧದ ಮದುವೆ ಮುಖ್ಯವಾಗುತ್ತದೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗನ ಮದುವೆಗೆ ವೈದ್ಯರು ಎಚ್ಚರಿಸುವುದು ಬೇರೆ ಬಗೆಯ ಕಾಯಿಲೆಗಳಿಗೆ, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕಾದವಕ್ಕೆ. ಎರಡನ್ನೂ ಬೆರೆಸಬಾರದು.

ಮೂಲ ಬಹುಶಃ ವಿಕ್ಟೋರಿಯಾ ರಾಣಿಯಲ್ಲಿ ಹೊಸದಾಗಿ ಆದ ರೂಪಾಂತರ. ಆಕೆ ಹುಟ್ಟಿದಾಗ ತಂದೆಗೆ 51 ವರ್ಷ. ವಯಸ್ಸಾದ ತಂದೆಯ ವೀರ್ಯದಲ್ಲಿ ಇಂಥ ಹೊಸ ತಪ್ಪುಗಳ ಸಾಧ್ಯತೆ ಹೆಚ್ಚು. 2009ರಲ್ಲಿ, ಅಲಿಕ್ಸ್ ಸೊಸೆಯಾಗಿ ಹೋದ ರಷ್ಯಾದ ರೊಮಾನೋವ್ ಕುಟುಂಬದ ಮೂಳೆಗಳ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಇದು ಕುಸುಮ ರೋಗದ ಬಿ ಬಗೆ, ಒಂಬತ್ತನೇ ಹೆಪ್ಪುಗಟ್ಟಿಸುವ ಅಂಶದ ಕೊರತೆ. ಹೆಚ್ಚು ಕಾಣುವ ಎ ಬಗೆ ಅಲ್ಲ.

ಆಲಿಸ್‌ಳ ಮನೆಯಲ್ಲಿ ಇದು ಕಂಡದ್ದು ಫ್ರಿಟ್ಟಿಯಲ್ಲಿ. 1873ರ ಆರಂಭದಲ್ಲಿ ಕಿವಿಗೆ ಆದ ಸಣ್ಣ ಗಾಯ ಮೂರು ದಿನ ಸೋರಿತು. ಅದೇ ವರ್ಷ ಮೇ 29ರಂದು ತಾಯಿಯ ಕೋಣೆಯ ಕಿಟಕಿಯಿಂದ ಸುಮಾರು 6 ಮೀಟರ್ ಕೆಳಕ್ಕೆ ಬಿದ್ದ. ಬಿದ್ದ ಕ್ಷಣಕ್ಕೆ ಸಾಯಲಿಲ್ಲ, ಕೆಲವು ಗಂಟೆಗಳ ಮೇಲೆ ಮೆದುಳಿನ ರಕ್ತಸ್ರಾವದಿಂದ ಸತ್ತ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ತುಂಬಿ ಮೆದುಳನ್ನು ಒತ್ತುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಈಗಲಾದರೆ ಕುಸುಮ ರೋಗಿಯ ತಲೆಗೆ ಪೆಟ್ಟು ಬಿದ್ದರೆ ಸ್ಕ್ಯಾನ್‌ಗೂ ಕಾಯದೆ ಮೊದಲು ಆ ಅಂಶದ ಚುಚ್ಚುಮದ್ದು ಕೊಡುತ್ತಾರೆ. ಆಗ ಕೊಡಲು ಏನೂ ಇರಲಿಲ್ಲ.

ವಂಶವೃಕ್ಷ_ಮೈಸೂರು

ಜೀನ್ ಅವರ ಮಾತಿಗೆ ಇಷ್ಟು ಸೇರಿಸುತ್ತೇನೆ. ಐದು ಹೆಣ್ಣುಮಕ್ಕಳಲ್ಲಿ ವಾಹಕಿಯರೆಂದು ಖಚಿತವಾಗಿರುವುದು ಐರೀನ್ ಮತ್ತು ಅಲಿಕ್ಸ್ ಇಬ್ಬರೇ. ಅಲಿಕ್ಸ್‌ಳ ಮಗ ಅಲೆಕ್ಸಿಗೆ ಈ ರೋಗವಿತ್ತು. ಎಲಿಜಬೆತ್‌ಗೆ ಮಕ್ಕಳಿಲ್ಲ, ಮೇ ಬಾಲ್ಯದಲ್ಲೇ ಹೋದಳು. ಹಿರಿಯಳಾದ ವಿಕ್ಟೋರಿಯಾಳ ಇಬ್ಬರು ಗಂಡುಮಕ್ಕಳೂ ಆರೋಗ್ಯವಂತರು. ಅವರಲ್ಲಿ ಕಿರಿಯವನೇ ನಮ್ಮ ಕೊನೆಯ ವೈಸರಾಯ್ ಲೂಯಿಸ್ ಮೌಂಟ್‌ಬ್ಯಾಟನ್. ಆಲಿಸ್ ಅವನಿಗೆ ತಾಯಿಯ ತಾಯಿ.

ಹೆಸರುಗಳಲ್ಲಿ ಎಡವುವವರು ಬಹಳ. ಪ್ರಿನ್ಸ್ ಫಿಲಿಪ್‌ನ ತಾಯಿ ಆಲಿಸ್ (1885–1969) ಈಕೆಯ ಮೊಮ್ಮಗಳು, ಮೌಂಟ್‌ಬ್ಯಾಟನ್‌ನ ಅಕ್ಕ. ಅಂತರ್ಜಾಲದಲ್ಲಿ ಇಬ್ಬರ ಚಿತ್ರಗಳನ್ನು ಅದಲುಬದಲು ಮಾಡಿರುತ್ತಾರೆ. ಹೆಸ್ಸೆ ಎಂದಾಗ ಡಾರ್ಮ್‌ಷ್ಟಾಟ್‌ನದೋ ಕಾಸೆಲ್‌ನದೋ ನೋಡಿಕೊಳ್ಳಿ. ಕಾಸೆಲ್‌ನ ಹೆಸ್ಸೆಯನ್ನು 1866ರಲ್ಲಿ ಪ್ರಷ್ಯಾ ನುಂಗಿಹಾಕಿತು. ಡಾರ್ಮ್‌ಷ್ಟಾಟ್ ಉಳಿದುಕೊಂಡಿತು. ರಷ್ಯಾದ ಜಾರ್ ಎರಡನೇ ಅಲೆಕ್ಸಾಂಡರ್‌ನ ಹೆಂಡತಿ ಈ ಮನೆತನದ ಮಗಳಾಗಿದ್ದದ್ದು ಅದಕ್ಕೆ ದೊಡ್ಡ ಕಾರಣ. ಕಾಲಾನುಕ್ರಮ ಕಟ್ಟುವಾಗ 13 ಜೂನ್ 1877ಕ್ಕಿಂತ ಮುಂಚಿನ ಘಟನೆಗಳಲ್ಲಿ ಆಲಿಸ್‌ಳನ್ನು ಗ್ರ್ಯಾಂಡ್ ಡಚೆಸ್ ಎಂದು ಬರೆದಿರುವ ಬರಹ ಕಂಡರೆ ಅದರ ಉಳಿದ ದಿನಾಂಕಗಳನ್ನೂ ಅನುಮಾನಿಸಿ.

ಕಡೂರು_ಓದುಗ

ಮೇಡಂ, ಸರ್, ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ. ಇಷ್ಟು ಕೆಲಸಕ್ಕೆ ಹಣ ಎಲ್ಲಿಂದ? ಇಂಗ್ಲೆಂಡಿನಿಂದ ಬರುತ್ತಿತ್ತೇ? ಆಕೆಯ ಪತ್ರಗಳು ಓದಲು ಸಿಗುತ್ತವೆಯೇ?

ಹಳೆಕಾಗದ

ಪಾರ್ಲಿಮೆಂಟ್ ಕೊಟ್ಟಿದ್ದು ಮದುವೆಗೆ 30,000 ಪೌಂಡ್, ಆಮೇಲೆ ವರ್ಷಕ್ಕೆ 6,000 ಪೌಂಡ್. ಸಾಮಾನ್ಯರಿಗೆ ಕುಬೇರನ ಭಂಡಾರ, ಆದರೆ ಡಾರ್ಮ್‌ಷ್ಟಾಟ್‌ನಲ್ಲಿ ಹೊಸ ಅರಮನೆ ಕಟ್ಟಿ 1866ರಲ್ಲಿ ಅಲ್ಲಿಗೆ ಹೋಗುವ ಹೊತ್ತಿಗೆ ಕೈ ಬಿಗಿಯಾಗಿತ್ತು. ಗಾಡಿಯ ನಾಲ್ಕು ಕುದುರೆ ಮಾರಿದ್ದನ್ನೂ, ಹೆಣ್ಣುಮಕ್ಕಳ ಬೇಸಿಗೆಯ ಏಳು ಉಡುಪುಗಳನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿದದ್ದನ್ನೂ ತಾಯಿಗೆ ಬರೆದಿದ್ದಾಳೆ. ಆದ್ದರಿಂದ ಸಂಘ ನಡೆಸಲು ತನ್ನ ಹಣವೇ ಸಾಕು ಎನ್ನುವ ಸ್ಥಿತಿ ಆಕೆಯದಲ್ಲ. ಊರಿನವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡೇ ಕೆಲಸ ನಡೆಯಬೇಕಿತ್ತು.

ಪತ್ರಗಳು ಸಿಗುತ್ತವೆ. ಡಾರ್ಮ್‌ಷ್ಟಾಟ್‌ನ ಪಾದ್ರಿ ಕಾರ್ಲ್ ಸೆಲ್ ಜರ್ಮನ್‌ನಲ್ಲಿ ಸಿದ್ಧಪಡಿಸಿದ ಸಂಕಲನ 1883ರಲ್ಲಿ, ತಂಗಿ ಹೆಲೆನಾಳ ಮುನ್ನುಡಿಯೊಂದಿಗೆ ಇಂಗ್ಲಿಷಿನದು 1884ರಲ್ಲಿ ಬಂತು. ಓದುವಾಗ ಒಂದು ಎಚ್ಚರ ಬೇಕು. ಇದು ತಾಯಿ ಬದುಕಿದ್ದಾಗ, ತಾಯಿಗೇ ಬರೆದ ಪತ್ರಗಳಿಂದ, ಮನೆಯವರ ಒಪ್ಪಿಗೆಯಿಂದ ಆಯ್ದದ್ದು. ತಾಯಿ ಮಗಳ ನಡುವೆ ಜಗಳಗಳಿದ್ದವು. ಮಗುವಿಗೆ ಸ್ವತಃ ಹಾಲೂಡಿಸಿದಳೆಂದು ರಾಣಿ ಸಿಟ್ಟಾಗಿ ಬಾಲ್ಮೋರಲ್‌ನ ಹಸುವೊಂದಕ್ಕೆ ಆಲಿಸ್ ಎಂದು ಹೆಸರಿಡಿಸಿದ್ದು ಪ್ರಸಿದ್ಧ. ಆ ಬಿಸಿ ಈ ಸಂಕಲನದಲ್ಲಿ ಕಾಣುವುದಿಲ್ಲ. ದೇವತಾಶಾಸ್ತ್ರಜ್ಞ ಡೇವಿಡ್ ಫ್ರೀಡ್ರಿಕ್ ಷ್ಟ್ರಾಸ್ ಜೊತೆಗಿನ ಸ್ನೇಹವೂ ಮುಜುಗರದ ವಿಷಯವೇ ಆಗಿತ್ತು. ಬೈಬಲ್ಲಿನ ಪವಾಡಗಳನ್ನು ಪ್ರಶ್ನಿಸಿ ಕೆಲಸ ಕಳೆದುಕೊಂಡವನು ಆತ. ವೋಲ್ಟೇರ್ ಬಗೆಗಿನ ತನ್ನ ಉಪನ್ಯಾಸಗಳನ್ನು 1870ರಲ್ಲಿ ಆಕೆಗೇ ಅರ್ಪಿಸಿದ. ಆದ್ದರಿಂದ ಆಸ್ಪತ್ರೆ, ಮಕ್ಕಳು, ಮನೆಖರ್ಚಿನ ವಿವರಕ್ಕೆ ಈ ಪತ್ರಗಳನ್ನು ನಂಬಬಹುದು. ನಂಬಿಕೆ, ಸಂದೇಹ, ತಾಯಿಯೊಂದಿಗಿನ ಮುನಿಸಿಗೆ ಇವನ್ನೇ ಪೂರ್ತಿ ಸಾಕ್ಷಿ ಎಂದುಕೊಳ್ಳಬೇಡಿ. 1866ರ ಬೇಸಿಗೆಯ ಪತ್ರಗಳಿಂದ ಶುರುಮಾಡಿ. ಶುಶ್ರೂಷೆ ಮೇಡಂ ಹೇಳಿದ ಲಿನನ್ ಬಟ್ಟೆಯ ಕೋರಿಕೆ ಅಲ್ಲೇ ಇದೆ.